ಬೀಗ ಹಾಕಿದ ಮನೆಯ ಕರೆಂಟ್ ಬಿಲ್ಲು

೧೯೮೬ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಯ ಹೋಟೆಲೊಂದರಲ್ಲಿ ಲೋಟ ತೊಳೆಯಲು ನಿಂತೆ. ಅಲ್ಲಿಂದ ಕೊಲ್ಲೂರಿನ ಸ್ವಂತ ಹೋಟೆಲಿನ ಗಲ್ಲಾದವರೆಗೆ ಬಂದದ್ದು ಈ ಎರಡು ಕೈಯಿಂದ, ಯಾರ ಶಿಫಾರಸಿನಿಂದಲೂ ಅಲ್ಲ. ಹೋಟೆಲಿನವನು ನಂಬಿ ಕೂತರೆ ಕೆಟ್ಟ. ರಾತ್ರಿ ಎಣ್ಣೆ ಡಬ್ಬಕ್ಕೆ ಇದ್ದಿಲಿನ ಗೆರೆ ಎಳೆದು, ಬೆಳಿಗ್ಗೆ ಆ ಗೆರೆ ನೋಡಿದ ಮೇಲೆಯೇ ಒಲೆ ಹಚ್ಚಲು ಹೇಳುವವನು ನಾನು.

ಸರ್ಕಾರದ ಉಚಿತ ಕರೆಂಟು ಬರುವುದಕ್ಕೆ ಮೊದಲಿನ ಮಾತು. ನಾನೂ ಹೆಂಡತಿಯೂ ಕೊಲ್ಲೂರಿನಲ್ಲೇ ಉಳಿಯತೊಡಗಿ, ಬಸ್ರೂರಿನ ಮನೆಗೆ ಬೀಗ ಹಾಕಿದೆವು. ಒಂದು ಕೀ ನನ್ನ ಕಿಸೆಯಲ್ಲಿ, ಇನ್ನೊಂದು ಪಕ್ಕದ ಮನೆಯಲ್ಲಿರುವ ಅಕ್ಕನ ಹತ್ತಿರ. ವಾರಕ್ಕೊಮ್ಮೆ ಬಾಗಿಲು ತೆರೆದು ಗುಡಿಸುತ್ತಿದ್ದಳು, ಸಂಜೆ ತುಳಸಿಕಟ್ಟೆಗೆ ಎಣ್ಣೆದೀಪ ಇಡುತ್ತಿದ್ದಳು. ಒಂದು ಬಲ್ಬೂ ಉರಿಯದ ಆ ಮನೆಗೆ ತಿಂಗಳು ತಿಂಗಳು ಬಿಲ್ಲು ಬರುತ್ತಿತ್ತು. ಅದೂ ಹೆಚ್ಚುಕಡಿಮೆ ಒಂದೇ ಮೊತ್ತ. ಇದು ಅಳತೆ ಇಟ್ಟು ಕದಿಯುವವರ ಕೆಲಸ ಎಂದುಕೊಂಡೆ. ಬಿಲ್ಲಿನ ಸಣ್ಣ ಅಕ್ಷರಗಳು ನನಗೆ ತಿಳಿಯುತ್ತಿರಲಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟು ಓದಿಸಲು ಮರ್ಯಾದೆ ಬಿಡಲಿಲ್ಲ. ಕೊನೆಯ ಸಾಲಿನ ರೂಪಾಯಿ ನೋಡಿ ಕಟ್ಟುತ್ತಿದ್ದೆ.

ಅಕ್ಕನ ಬಸಳೆ ಚಪ್ಪರ ಆ ವರ್ಷ ಬೇಸಿಗೆಯಲ್ಲೂ ಹಸಿರಾಗಿತ್ತು. ಅವಳ ಪಂಪಿನ ವಯರು ನಮ್ಮ ಗೋಡೆಯ ಪಕ್ಕದಲ್ಲೇ ಹಾದುಹೋಗಿತ್ತು. ಎರಡು ಸಲ ಹೇಳದೆ ಕೇಳದೆ ಊರಿಗೆ ಹೋಗಿ ಆ ವಯರನ್ನು ಕೈಯಲ್ಲಿ ಸವರುತ್ತಾ ನಡೆದೆ. ಸುಳಿವು ಸಿಗಲಿಲ್ಲ. ಮೂರನೇ ಸಲ ಬಾಯಿ ತಡೆಯಲಿಲ್ಲ.

"ಅಕ್ಕಾ, ನಿನ್ ಪಂಪಿಗೆ ಕರೆಂಟ್ ಎಲ್ಲಿಂದ?"

ಅವಳು ಒಳಗೆ ಹೋಗಿ ಕೀ ತಂದು ಮೆಟ್ಟಿಲ ಮೇಲಿಟ್ಟು, ಬಸಳೆ ಕೊಯ್ಯಲು ಹೋದಳು.

ಮುಂದಿನ ತಿಂಗಳು ನಾನಿದ್ದಾಗಲೇ ಮೀಟರ್ ನೋಡುವವನು ಬಂದ. ಕಳ್ಳನನ್ನು ಹಿಡಿಸಿಕೊಡು ಎಂಬ ದನಿಯಲ್ಲಿ ಬಿಲ್ಲು ಅವನ ಮುಂದೆ ಹಿಡಿದೆ. ಅವನು ನಗದೆ ಬೆರಳಿಟ್ಟು ತೋರಿಸಿದ.

"ಇಲ್ ಕಾಣಿ, ಯೂನಿಟ್ ಸೊನ್ನೆ. ಯಾರೂ ಕದೀಲಿಲ್ಲ ಮರ್ರೆ. ನೀವ್ ಅರ್ಜಿಯಲ್ ಮೂರ್ ಕಿಲೋವ್ಯಾಟ್ ಲೋಡ್ ಬರ್ಸಿದ್ರಿ, ಅದ್ರ ತಿಂಗ್ಳ ಬಾಡಿಗೆ ಇದ್. ಬಾಗ್ಲ್ ಹಾಕಿರೆ ಬಾಡಿಗೆ ಬಿಡ್ತ್ರಾ?"

ಆಗ ನೆನಪಾಯಿತು. ಹಿಂದೆ ಇಡ್ಲಿ ಹಿಟ್ಟನ್ನು ಈ ಮನೆಯಲ್ಲೇ ರುಬ್ಬಿ ಮೊದಲ ಬಸ್ಸಿಗೆ ಕೊಲ್ಲೂರಿಗೆ ಒಯ್ಯುತ್ತಿದ್ದೆ. ದೊಡ್ಡ ಗ್ರೈಂಡರಿಗಾಗಿ ಅರ್ಜಿಗೆ ರುಜು ಹಾಕಿದವನು ನಾನೇ. ಗ್ರೈಂಡರು ಕೊಲ್ಲೂರಿಗೆ ಹೋಯಿತು, ಕಿಲೋವ್ಯಾಟು ಇಲ್ಲೇ ಉಳಿಯಿತು.

ಅರ್ಜಿ ಕೊಟ್ಟು ಅದನ್ನು ಒಂದಕ್ಕಿಳಿಸಿದೆ. ಕೀ ಹಿಡಿದು ಅಕ್ಕನ ಮನೆಗೆ ಹೋದೆ. ಅವಳು ಚಾ ಕೊಟ್ಟಳು, ಕೀ ಮುಟ್ಟಲಿಲ್ಲ.

"ಅದ್ ನಿನ್ ಹತ್ರವೇ ಇರ್ಲಿ ತಮ್ಮ. ನಾಳೆ ಎಂತಾರೂ ಕಮ್ಮಿ ಆರೆ ಮತ್ ನನ್ನನ್ನೇ ಕೇಂತಿ."

ಅಂದಿನಿಂದ ಬಿಲ್ಲನ್ನು ಸಾಲು ಸಾಲಾಗಿ ಓದುತ್ತೇನೆ. ಇಂಧನದ ಹೊಂದಾಣಿಕೆ ಎಂಬ ಸಾಲಿನ ಮೇಲೆ ಅನುಮಾನ ಹೋಗಿಲ್ಲ. ಈಗ ನನಗಿರುವುದು ಆರು ಮೇಜಿನ ಒಂದು ಹೋಟೆಲು, ಒಂದು ಮನೆ, ಒಂದು ಕಿಲೋವ್ಯಾಟ್, ಒಬ್ಬಳು ಅಕ್ಕ, ಎರಡು ಕೀ. ಎರಡೂ ನನ್ನ ಕಿಸೆಯಲ್ಲೇ ಇವೆ.