ಮಾಲಗಾಡಿ ದಾಟಿದ ಮೇಲಿನ ಸಾ

ಹಾರ್ಮೋನಿಯಂ ಪೇಟಿಯ ಮುಚ್ಚಳ ತೆಗೆದರೆ ಈಗಲೂ ಮೊದಲು ನುಸಿಗುಳಿಗೆಯ ವಾಸನೆ ಬರುತ್ತದೆ, ಅದರ ಹಿಂದೆಯೇ ಸಣ್ಣಗೆ ಕಲ್ಲಿದ್ದಲ ಹೊಗೆ. ಇಷ್ಟು ವರ್ಷ ಹೊಗೆ ಹೇಗೆ ಉಳಿದೀತು ಎಂದು ನನ್ನ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮೂಗು ಅವರಿಗಿಲ್ಲ. ಹಳಿಗೆ ಬೆನ್ನು ಕೊಟ್ಟ ಎರಡು ಖೋಲಿಯ ಮನೆ, ಫರಸಿ ಕಲ್ಲಿನ ತಣ್ಣನೆಯ ನೆಲ, ಅದರ ಮೇಲೆ ಕಂಬಳಿ ಹಾಸಿ ಪೇಟಿ ಮುಂದಿಟ್ಟುಕೊಂಡು ಕೂಡುತ್ತಿದ್ದ ಅಪ್ಪನ ಅಕ್ಕ, ನನ್ನ ಗೌರತ್ತಿ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದಾಗ ಅವಳು ತಂದದ್ದು ಒಂದು ಟ್ರಂಕು ಮತ್ತು ಆ ಪೇಟಿ.

ನನಗೆ ಹಾಡು ಬೇಕಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅತ್ತಿ ಒಂದು ವಚನ ಹಾಡುತ್ತಿದ್ದಳು. ಅದನ್ನು ಕಲಿಯಲು ನನ್ನ ಜೀವ ಹಾತೊರೆಯುತ್ತಿತ್ತು. ಅವಳದೋ ಒಂದೇ ಹಟ, ಮೊದಲು ಸಾ ನಿಲ್ಲಬೇಕು. ಮಾಲಗಾಡಿ ಬರುವ ಸದ್ದು ಕೇಳಿದೊಡನೆ ಪೇಟಿಯಲ್ಲಿ ಸಾ ಒತ್ತಿ ಹಿಡಿದು, "ಹೂಂ, ಹಿಡಿ" ಎನ್ನುತ್ತಿದ್ದಳು. ಗಾಡಿ ಗಡಗಡ ಬಂದು ಪೇಟಿಯನ್ನೂ ನನ್ನನ್ನೂ ನುಂಗಿಬಿಡುತ್ತಿತ್ತು. ಮಾಡದಲ್ಲಿಟ್ಟ ತಾಟುಗಳು ನಡುಗುತ್ತಿದ್ದವು, ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಉಸಿರು ಮುಗಿದರೆ ಮತ್ತೆ ಎಳೆದುಕೊಂಡು ಅಲ್ಲೇ ನಿಲ್ಲಬೇಕು. ಕೊನೆಯ ಡಬ್ಬಿ ದಾಟಿ ಸದ್ದು ತೆಳ್ಳಗಾದಂತೆ ಪೇಟಿಯ ಸಾ ಮೆಲ್ಲಗೆ ಹೊರಗೆ ಬರುತ್ತಿತ್ತು. ನನ್ನದು ಅದರ ಜೊತೆಗೇ ಇರಬೇಕಿತ್ತು. ಎಲ್ಲಿ ಇರುತ್ತದೆ! ಪ್ರತಿ ಸಲವೂ ಮೇಲಕ್ಕೆ ಹತ್ತಿ ಕೂತಿರುತ್ತಿತ್ತು.

ಅವ್ವನಿಗೂ ಸಾಕಾಗಿ ಹೋಯಿತು. "ಅಕ್ಕಾರ, ಒಂದರೆ ಹಾಡು ಕಲಸ್ರಿ. ನನಗ ನಿದ್ದಿಯೊಳಗೂ ಸಾ ಕೇಳಾಕತ್ತದ" ಎಂದಳು. ಅತ್ತಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೊಂದು ಮಧ್ಯಾಹ್ನ ನಾನು ಫರಸಿಯ ಮೇಲೆ ಬೋರಲು ಬಿದ್ದು ಅಳತೊಡಗಿದೆ. "ನನಗ ಹಾಡು ಬರಂಗಿಲ್ಲ ಬಿಡು!"

"ಎದ್ದು ಕುಂದ್ರು, ಖೋಡಿ" ಎಂದು ಅತ್ತಿ ಸೆರಗಿನಿಂದ ನನ್ನ ಮೂಗು ಒರೆಸಿದಳು. "ನೀ ಗಾಡಿ ಕೂಡ ಜಗಳಾಡಾಕತ್ತಿ. ಅದು ಒದರಿದಂಗ ನೀನೂ ಒದರತಿ. ಒದರಬ್ಯಾಡ, ಸಾವಕಾಶ ಹಿಡಿ. ಅದು ಹೋಗೂದು, ನೀ ಇರಾಕಿ."

ಮುಂದಿನ ಗಾಡಿ ಬಂದಾಗ ಕೂಸಿಗೆ ಜೋಗುಳ ಹಾಡುವಷ್ಟೇ ದನಿಯಲ್ಲಿ ಹಿಡಿದೆ. ಸದ್ದು ಇಳಿಯಿತು. ಪೇಟಿಯದು ಯಾವುದು, ನನ್ನದು ಯಾವುದು ಎಂದು ನನಗೇ ತಿಳಿಯಲಿಲ್ಲ. ಅತ್ತಿ ಆ ವಚನದ ಮೊದಲ ಸಾಲು ಎತ್ತಿಕೊಂಡಳು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಬ್ಬಾ, ಅಂಥ ಸುಖ ನನಗೆ ಮತ್ತೆ ಸಿಕ್ಕಿದ್ದು ಕಡಿಮೆ.

ಈಗ ಆ ಕ್ವಾರ್ಟರ್ಸು ಇಲ್ಲ, ಅತ್ತಿಯೂ ಇಲ್ಲ. ಸೇಡಂನ ನನ್ನ ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿಯಿದೆ. ಅದು ಶುರುವಾದರೆ ಕಲಿಯಲು ಬರುವ ಹುಡುಗಿಯರು ಮುಖ ಗಂಟಿಕ್ಕುತ್ತಾರೆ, ನಾನು "ಹೂಂ, ಹಿಡೀರಿ" ಎನ್ನುತ್ತೇನೆ.

ಕೊನೆಯ ಸಲ ವಾಡಿಗೆ ಹೋದಾಗ ಅತ್ತಿಗೆ ಪೇಟಿ ಒತ್ತುವ ಶಕ್ತಿ ಇರಲಿಲ್ಲ. ನಾನು ಒತ್ತಿದೆ, ಅವಳು ಹಾಸಿಗೆಯಲ್ಲೇ ಒರಗಿ ಸಾ ಹಿಡಿದಳು. ಗಾಡಿ ಬಂತು, ದಾಟಿತು, ಸದ್ದು ತೆಳ್ಳಗಾಯಿತು. ಪೇಟಿಯ ಸಾ ಒಂದೇ ಹೊರಗೆ ಬಂತು. ತಟ್ಟನೆ ತಿರುಗಿ ನೋಡಿದೆ. ಅತ್ತಿ ನಗುತ್ತಿದ್ದಳು.

"ಉಸಿರು ಸಾಲವಲ್ದು. ಇನ್ನ ನೀ ಹಿಡಿ" ಎಂದಳು.

ಹಿಡಿದೆ.