ಜುಲ್ಫಿಕರ್ ಸಾಬರ ಟ್ಯೂಬುಪಟ್ಟಿ

ಸುಳ್ಳು ಹೇಳಿ ಗೊತ್ತಿಲ್ಲದ ಇಬ್ಬರು ಆಣೆಯಿಟ್ಟು ಒಂದೊಂದು ಮಾತು ಹೇಳುತ್ತಾರೆ. ಆ ಎರಡೂ ಮಾತು ನಿಜವಾಗಿದ್ದರೆ ನಡೆಯಲೇಬಾರದಿದ್ದ ಸಂಗತಿಯೊಂದು ಎಲ್ಲರ ಕಣ್ಣೆದುರೇ ನಡೆದುಹೋಗಿದೆ. ಹಾಗಾದರೆ ತಪ್ಪಿದವರು ಯಾರು? ಈ ಪ್ರಶ್ನೆಗೆ ಬರೆಯುವ ಕೈಗೆ ಉತ್ತರ ಹೊಳೆದಿರಲಿಲ್ಲ. ಗುಬ್ಬಿಯ ತುಮಕೂರು ರಸ್ತೆಯಲ್ಲಿ ಟೀ ಅಂಗಡಿ ಇಟ್ಟುಕೊಂಡಿದ್ದ ಮಂಜುಳಮ್ಮನಿಗೂ ಹೊಳೆದಿರಲಿಲ್ಲ. ಆಕೆಯಾದರೋ ಆ ಪ್ರಶ್ನೆಯ ಎದುರಿಗೇ ಒಲೆ ಹಚ್ಚಿಕೊಂಡು ತನ್ನ ಆಯುಷ್ಯದ ಒಳ್ಳೆಯ ಪಾಲನ್ನು ಕಳೆದವಳು.

ಅಂಗಡಿಗೆ ಬೆನ್ನು ಹಚ್ಚಿದಂತೆ ಒಂದು ಶೆಡ್ಡು. ಬರಿಯ ಚಾಸಿಯಾಗಿ ಒಳಗೆ ಹೋದದ್ದು ಬಸ್ಸಾಗಿ ಹೊರಗೆ ಬರುತ್ತಿದ್ದ ಜಾಗ ಅದು. ಗುದ್ದಿಸಿಕೊಂಡು ಬಂದ ವ್ಯಾನು, ಮುಪ್ಪಾದ ಜೀಪು, ಅಜ್ಜನ ಕಾಲದ ಕಾರು, ಎಲ್ಲಕ್ಕೂ ಅಲ್ಲಿ ಮತ್ತೊಮ್ಮೆ ಮೈ ಕಟ್ಟಿಕೊಡುತ್ತಿದ್ದರು. ಒಳಗಿನ ಕಬ್ಬಿಣದ ಚೌಕಟ್ಟು ರಾಮಾಂಜಿನಯ್ಯನವರದು. ಅದರ ಮೇಲೆ ಹೊದಿಸುವ ಅಲ್ಯೂಮಿನಿಯಂ ತಗಡು ಜುಲ್ಫಿಕರ್ ಸಾಬರದು. ಒಬ್ಬರು ಎಲುಬು, ಇನ್ನೊಬ್ಬರು ತೊಗಲು ಎಂದು ರಸ್ತೆಯ ಜನ ಹೇಳುತ್ತಿದ್ದರು.

ಜುಲ್ಫಿಕರ್ ಸಾಬರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಮನೆಯ ಹಿತ್ತಾಳೆ ಅಟ್ಟ ಸೇರಿ ಸ್ಟೀಲು ಬಂದಮೇಲೆ ಕಲಾಯಿಯ ಕುಲುಮೆ ಆರಿತು. ಮಗ ತಗಡಿನ ಟ್ರಂಕು ಮಾಡಲು ಕಲಿತರು. ಮದುವೆಗೆ ಟ್ರಂಕು ಕೊಡುವ ರೂಢಿಯೂ ನಿಂತಾಗ ಬಸ್ಸಿಗೆ ಬಂದರು.

"ಬಸ್ಸು ಅಂದ್ರೆ ಏನಮ್ಮಾ ಮಂಜಮ್ಮ? ಅದೂ ಒಂದ್ ಟ್ರಂಕೇ. ಒಳಗೆ ಬಟ್ಟೆ ಬದ್ಲು ಜನ" ಎನ್ನುತ್ತಿದ್ದರು.

"ಟ್ರಂಕಿಗಾದ್ರೆ ಬೀಗ ಐತಲ್ಲ ಸಾಬ್ರೇ."

"ಇದಕ್ಕೆ ಕಂಡಕ್ಟರು!" ಎಂದು ಸಾಬರು ನಗುತ್ತಿದ್ದರು.

ಆ ನಗೆಯ ಜೊತೆಗೇ ಮಂಜುಳಮ್ಮನಿಗೆ ನೆನಪಾಗುವುದು ಸುಟ್ಟ ಸೋಪಿನ ವಾಸನೆ. ಕಬ್ಬಿಣ ಕಾದರೆ ಕೆಂಪಾಗಿ ತನ್ನ ಸ್ಥಿತಿಯನ್ನು ತಾನೇ ತಿಳಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಬಣ್ಣ ಬದಲಿಸದೆ, ಸುಳಿವು ಕೊಡದೆ, ಇದ್ದಕ್ಕಿದ್ದಂತೆ ಕರಗಿ ಕುಸಿಯುತ್ತದೆ. ಅದಕ್ಕೇ ಸಾಬರು ತಗಡಿನ ಮೇಲೆ ಬಟ್ಟೆ ಸೋಪು ಉಜ್ಜಿ ಬೆಂಕಿ ತೋರಿಸುತ್ತಿದ್ದರು. ಸೋಪು ಕಂದಾಗಿ, ಕಪ್ಪಿಗೆ ತಿರುಗಿದ ಗಳಿಗೆಯಲ್ಲಿ ಬೆಂಕಿ ತೆಗೆಯುವುದು. ಆರಿದ ಮೇಲೆ ತಗಡು ಹದಕ್ಕೆ ಬಂದಿರುತ್ತಿತ್ತು. ಅದನ್ನು ಮರಳುಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಬಸ್ಸಿನ ಹಣೆಯ ಉಬ್ಬು ನಿಧಾನವಾಗಿ ಮೂಡುತ್ತಿತ್ತು. ಇದರಲ್ಲಿ ಮಂತ್ರವೇನೂ ಇರಲಿಲ್ಲ. ಆದರೆ ಸೋಪು ಮಾತ್ರ ಮಂಜುಳಮ್ಮನ ಲೋಟ ತೊಳೆಯುವ ಬಚ್ಚಲಿನಿಂದಲೇ ಹೋಗುತ್ತಿತ್ತು.

"ಸಾಬ್ರೇ, ನನ್ ಸೋಪು!"

"ಆ ಬಸ್ಸಿನ್ ಮೂತಿ ಮೇಲೈತೆ, ಉಜ್ಕೊಂಡ್ ಬಾರಮ್ಮ."

"ಲೇ ಜುಲ್ಫಿ, ಮೊದ್ಲು ನಿನ್ ಮೂತಿಗೆ ಹಚ್ಕಳ್ಳಾ, ಕಪ್ಪಾಗದೇನೂ ಬಾಕಿ ಇಲ್ಲ!" ಎಂದು ಚೌಕಟ್ಟಿನ ಮೇಲಿನಿಂದ ರಾಮಾಂಜಿನಯ್ಯ ಕೂಗುತ್ತಿದ್ದರು. ಅವರು ನಿಟ್ಟೂರು ಕಡೆಯ ರಾಗಿ ಹೊಲದ ಮನೆಯಿಂದ ಬಂದು ವೆಲ್ಡಿಂಗ್ ಹಿಡಿದವರು. ನೇಗಿಲು ಹೂಡಿದ ಮನೆತನದ ಗಂಟಲು; ಶೆಡ್ಡಿನಲ್ಲಿ ಪಿಸುಗುಟ್ಟಿದರೂ ರಸ್ತೆಯಾಚೆಗೆ ಕೇಳುತ್ತಿತ್ತು.

ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಕಬ್ಬಿಣವೂ ಅಲ್ಯೂಮಿನಿಯಮ್ಮೂ ಬರಿಮೈಯಲ್ಲಿ ತಾಕಬಾರದು. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು, ನಡುವೆ ತೇವ ಸೇರಿತೆಂದರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಅಲ್ಯೂಮಿನಿಯಂ ಸವೆದು ಬಿಳಿಪುಡಿಯಾಗುತ್ತದೆ, ಕಬ್ಬಿಣ ಉಳಿಯುತ್ತದೆ. ಇದನ್ನು ತ್ಯಾಗವೆಂದು ಕರೆಯುವ ಅಗತ್ಯವಿಲ್ಲ. ಲೋಹಗಳ ಸ್ವಭಾವ ಅಷ್ಟೆ. ಆದ್ದರಿಂದ ರಾಮಾಂಜಿನಯ್ಯ ಚೌಕಟ್ಟಿಗೆ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣ ಬಳಿಯಬೇಕು. ಅದರ ಮೇಲೆ ಸಾಬರು ಹಳೆಯ ಸೈಕಲ್ ಟ್ಯೂಬನ್ನು ಸೀಳಿದ ಪಟ್ಟಿ ಹಾಸಬೇಕು. ಆಮೇಲೆ ತಗಡು, ಆಮೇಲೆ ರಿವೆಟ್ಟು. ತಗಡು ಕೂತಮೇಲೆ ಬಣ್ಣವೂ ಕಾಣದು, ಪಟ್ಟಿಯೂ ಕಾಣದು. ಒಬ್ಬರ ಕೆಲಸವನ್ನು ಇನ್ನೊಬ್ಬರು ನಂಬಬೇಕು.

ಆ ನಂಬಿಕೆ ಒಡೆದದ್ದು ಪುಟ್ಟರಂಗಯ್ಯನ ಬಸ್ಸಿನಿಂದ. ಗುಬ್ಬಿಯಿಂದ ತುಮಕೂರು, ಕುಣಿಗಲ್ ಹಾದು ಯಡಿಯೂರಿಗೆ ಹೋಗಿ, ಇರುಳು ಮಾರ್ಕೋನಹಳ್ಳಿಯಲ್ಲಿ ತಂಗುತ್ತಿದ್ದ ಬಸ್ಸು ಅದು. ಯಡಿಯೂರಿಗೆ ಭಕ್ತರು ಹೆಚ್ಚಾಗಿ ಬರುವ ಕಾಲ ಹತ್ತಿರವಾಗಿತ್ತು. ಮಾಲೀಕ ಪುಟ್ಟರಂಗಯ್ಯ ದಿನವೂ ಬಂದು ನಿಂತು ಅವಸರ ಮಾಡಿ ಬಾಡಿ ಕಟ್ಟಿಸಿಕೊಂಡು ಹೋದ. ಎರಡು ಮಳೆಗಾಲ ಕಳೆಯುವುದರೊಳಗೆ ಬಸ್ಸು ತಿರುಗಿ ಬಂತು. ಕೆಳಸಾಲಿನ ತಗಡು ಹಪ್ಪಳದಂತೆ ಉಬ್ಬಿ, ರಿವೆಟ್ಟುಗಳ ಸುತ್ತ ಬಿಳಿಪುಡಿ ಸುರಿಯುತ್ತಿತ್ತು. ಒಳಗೆಲ್ಲ ಊದುಬತ್ತಿಯ ಘಮ. ಭಕ್ತರ ಬಸ್ಸಲ್ಲವೇ ಎಂದು ಮಂಜುಳಮ್ಮ ಕೈಮುಗಿದಿದ್ದಳು.

ಪುಟ್ಟರಂಗಯ್ಯ ರಸ್ತೆಯ ಮಧ್ಯೆ ನಿಂತು ಕೂಗಾಡಿದ. "ಏನ್ರೀ ಇದು? ಬಸ್ಸು ಕಟ್ಟಿದ್ರೋ, ಸುಣ್ಣದ ಗೂಡು ಕಟ್ಟಿದ್ರೋ?"

"ಒಳ್ಗಡೆ ಬಿಚ್ಚಿ ನೋಡಣ ತಡೀರಿ" ಎಂದರು ಸಾಬರು.

"ನನ್ ಬಸ್ಸು ಮುಟ್ಬ್ಯಾಡ್ರಿ!" ಎಂದವನೇ ಬಸ್ಸನ್ನು ಅಲ್ಲಿಂದಲೇ ತಿರುಗಿಸಿಕೊಂಡು ಹೊರಟುಹೋದ. ಬೇರೆ ಯಾರಿಂದಲೋ ಮೇಲೊಂದು ತಗಡು ಹೊಡೆಸಿಕೊಂಡನಂತೆ. ಆಮೇಲೆ ಬಸ್ಸು ಇತ್ತ ಸುಳಿಯಲಿಲ್ಲ.

ಧೂಳು ಅಡಗಿದ ಮೇಲೆ ಸಾಬರು ಹೇಳಿದ್ದು ಒಂದೇ ಮಾತು: "ನಾನ್ ಪಟ್ಟಿ ಹಾಕಿದ್ದೆ."

ರಾಮಾಂಜಿನಯ್ಯ ತಿರುಗಿ ನಿಂತರು. "ಅಂದ್ರೆ ನಾನ್ ಬಣ್ಣ ಬಳ್ದಿಲ್ಲ ಅಂತಾನಾ? ನಮ್ಮಪ್ಪನಾಣೆ ಬಳ್ದಿದೀನಿ ಕಣಯ್ಯ."

"ನಾನ್ ಪಟ್ಟಿ ಹಾಕಿದ್ದೆ, ಖುದಾ ಕಸಮ್" ಎಂದರು ಸಾಬರು ಮತ್ತೆ.

ಅಂದಿಗೆ ಮಾತು ಮುಗಿಯಿತು. ಕೆಲಸ ಮುಗಿಯಲಿಲ್ಲ. ಬೇರೆಯವರ ಚೌಕಟ್ಟಿಗೆ ಸಾಬರ ತಗಡು ಕೂರುತ್ತಿರಲಿಲ್ಲ, ಬೇರೆಯವರ ತಗಡು ರಾಮಾಂಜಿನಯ್ಯನವರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಹೀಗಾಗಿ ಒಂದೇ ಬಸ್ಸಿನ ಒಳಮೈಗೆ ಒಬ್ಬರು, ಹೊರಮೈಗೆ ಒಬ್ಬರು ನಿಂತು ವರ್ಷಗಟ್ಟಲೆ ದುಡಿದರು. ಮಾತೆಲ್ಲ ನಡುವೆ ಟೀ ಹಿಡಿದು ನಿಂತ ಮಂಜುಳಮ್ಮನ ಮೂಲಕ.

"ಮಂಜಮ್ಮ, ತಗಡಿನೋರಿಗೆ ಹೇಳು, ಕಿಟಕಿ ತಾವ ಚೂರು ಎಳೀಬೇಕು ಅಂತ."

"ವೆಲ್ಡಿಂಗ್‌ನೋರಿಗೆ ಹೇಳಮ್ಮ, ಅವರ ಫ್ರೇಮು ನೆಟ್ಗಿದ್ರೆ ನನ್ ತಗಡು ಯಾಕ್ ಸೊಟ್ಟಾಗ್ತದೆ ಅಂತ."

"ಇಬ್ರೂ ಮಾರ್ ದೂರದಾಗೆ ನಿಂತೀರ! ನಾನೇನ್ ನಿಮ್ ಟೆಲಿಫೋನ್ ಕಂಬಾನಾ?"

"ಕಂಬ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಅಂತ ಹೇಳು" ಎಂದರು ರಾಮಾಂಜಿನಯ್ಯ. ಸಾಬರು ತಗಡಿನ ಹಿಂದೆ ಮುಖ ಮರೆಸಿಕೊಂಡು ನಕ್ಕಿದ್ದನ್ನು ಮಂಜುಳಮ್ಮ ಕಂಡಳು, ಆದರೆ ಆ ನಗೆಯನ್ನು ದಾಟಿಸಲು ಆಕೆಗೆ ಮಾತು ಸಿಗಲಿಲ್ಲ.

ಬೈಗುಳ ಬಂದರೆ ಚಹಾ ಸೋಸಿದಂತೆ ಸೋಸಿಯೇ ಆಕೆ ಆಚೆಗೆ ಮುಟ್ಟಿಸುತ್ತಿದ್ದಳು. ರಂಜಾನಿನ ಸೇಮಿಗೆ ಪಾಯಸ ಅವಳ ಕೈಯಿಂದಲೇ ರಾಮಾಂಜಿನಯ್ಯನವರಿಗೆ ಹೋಗುತ್ತಿತ್ತು, ಯುಗಾದಿಯ ಹೋಳಿಗೆ ಅವಳ ಕೈಯಿಂದಲೇ ಸಾಬರಿಗೆ. ಒಮ್ಮೆ, ತಾನಿಲ್ಲದಿದ್ದರೆ ಗತಿಯಿಲ್ಲದೆ ಮಾತಾಡಿಯಾರೆಂದು ಅಂಗಡಿಗೆ ಬೀಗ ಹಾಕಿ ಚೇಳೂರಿನ ತಂಗಿಯ ಮನೆಗೆ ಹೋಗಿ ಕೂತಳು. ತಿರುಗಿ ಬಂದು ನೋಡಿದರೆ ಶೆಡ್ಡಿನ ತಗಡುಗಳ ಮೇಲೆಲ್ಲ ಸೀಮೆಸುಣ್ಣದ ಬಾಣದ ಗುರುತು, ಪ್ರಶ್ನಾರ್ಥಕ ಚಿಹ್ನೆ. ಒಂದು ಕಡೆ ಕತ್ತೆಯ ಚಿತ್ರ. ಅದರ ಪಕ್ಕದಲ್ಲಿ ಇನ್ನೊಂದು ಕೈ ಬರೆದ, ಇನ್ನೂ ದೊಡ್ಡ ಕತ್ತೆ. ಮಂಜುಳಮ್ಮ ತಲೆ ಚಚ್ಚಿಕೊಂಡು ಒಲೆ ಹಚ್ಚಿದಳು.

ಅವಳಿಗೆ ಬೇಕಾಗಿದ್ದು ಇಷ್ಟೇ: ತಾನು ನಡುವಿಲ್ಲದೆ ಇಬ್ಬರೂ ಒಮ್ಮೆ ಮಾತಾಡಬೇಕು. ಸಾಬರಿಗೆ ಬೇಕಾಗಿದ್ದೂ ಒಂದೇ. ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ, ಎದುರಿಗಿನ ಬಸ್ಸಿಗೆ ಸಂಬಂಧವೇ ಇಲ್ಲದಂತೆ ಹೇಳಿ ಕಳಿಸುತ್ತಿದ್ದರು: "ನಾನ್ ಪಟ್ಟಿ ಹಾಕಿದ್ದೆ ಅಂತ ಹೇಳಮ್ಮ." ಅತ್ತಣಿಂದ ಬರುತ್ತಿದ್ದ ಉತ್ತರವೂ ಒಂದೇ: "ನಾನೂ ಬಣ್ಣ ಬಳ್ದಿದ್ದೆ ಅಂತ ಹೇಳು."

ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುವ ಬಸ್ಸುಗಳ ಕಾಲ ಬಂತು. ಶೆಡ್ಡಿನ ಸದ್ದು ಇಳಿಯಿತು. ಸಾಬರ ಎದೆಯಲ್ಲಿ ಕೆಮ್ಮು ಕೂತಿತು. ಹೆಂಡತಿ ಅಮೀನಾ ಬೀ ಸಾಬರನ್ನು ತುಮಕೂರಿನ ಸದಾಶಿವನಗರಕ್ಕೆ, ಮಗಳು ಅರ್ಜೂಳ ಮನೆಗೆ ಕರೆದುಕೊಂಡು ಹೋದಳು. ಮಂಜುಳಮ್ಮ ನೋಡಲು ಹೋದಾಗ ಸಾಬರು ದಿಂಬಿಗೊರಗಿ ಕೂತಿದ್ದರು. ಬೆರಳುಗಳು ಹಾಸಿಗೆಯ ಅಂಚನ್ನು ತಗಡಿನಂತೆ ತಡವುತ್ತಿದ್ದವು.

"ಸೋಪು ತಂದಿದೀಯಾ?"

"ಇನ್ಯಾತಕ್ ಸೋಪು ಸಾಬ್ರೇ, ಈಗ ಕರಗೋವರ್ಗೂ ನನ್ ಬಚ್ಚಲಾಗೇ ಇರ್ತದೆ."

ನಕ್ಕರು. ನಗೆ ಕೆಮ್ಮಾಯಿತು. ಕೆಮ್ಮು ಇಳಿದಮೇಲೆ ಹೇಳಿದರು: "ಪಟ್ಟಿ ಹಾಕಿದ್ದೆ ಅಂತ ರಾಮಾಂಜಿಗೆ ಹೇಳಮ್ಮ." ವೆಲ್ಡಿಂಗ್‌ನೋರು ಎನ್ನದೆ ಅವರು ಹೆಸರು ಹಿಡಿದದ್ದನ್ನು ಆಕೆ ಗಮನಿಸಿದಳು.

ಗುಬ್ಬಿಗೆ ಬಂದು, ಬಸ್ಸಿಳಿದವಳು ಅಂಗಡಿಯ ಬಾಗಿಲನ್ನೂ ತೆಗೆಯದೆ ಶೆಡ್ಡಿಗೆ ಹೋದಳು. ಮಾತು ಕೇಳಿದ ರಾಮಾಂಜಿನಯ್ಯ ಕೈಯಲ್ಲಿದ್ದ ವೆಲ್ಡಿಂಗ್ ಕೋಲನ್ನು ಕೆಳಗಿಟ್ಟರು. "ನಾಳೆ ನಾನೂ ಬರ್ತೀನಿ ನಡಿ" ಎಂದರು. ಮಾರನೆಯ ದಿನ ಇಬ್ಬರೂ ಹೋದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ರಾಮಾಂಜಿನಯ್ಯ ಸಾಬರ ಜನಾಜಾಕ್ಕೆ ಹೆಗಲು ಕೊಟ್ಟು ಗುಬ್ಬಿಗೆ ಮರಳಿದರು.

ಕಳೆದ ಬೇಸಿಗೆಯಲ್ಲಿ ಕುಣಿಗಲ್ಲಿನ ಅನಂತರಾಜು ಎಂಬವರು ಒಂದು ಹಳೆಯ ಬಸ್ಸನ್ನು ಲಾರಿಗೆ ಹೇರಿಸಿಕೊಂಡು ಬಂದರು. ಹೆದ್ದಾರಿ ಬದಿಯ ತಮ್ಮ ಹೋಟೆಲಿನ ಮುಂದೆ ಹಿಂದಿನ ಕಾಲದ ಬಸ್ಸೊಂದನ್ನು ಹಿಂದಿನಂತೆಯೇ ಮಾಡಿಸಿ ನಿಲ್ಲಿಸುವ ಆಸೆ ಅವರದು. ಅದು ಮಾರ್ಕೋನಹಳ್ಳಿಯ ತೆಂಗಿನ ತೋಟವೊಂದರಲ್ಲಿ ಕಾಯಿಮಟ್ಟೆ ತುಂಬಿಡುವ ಗೂಡಾಗಿ ನಿಂತಿತ್ತಂತೆ. ಡ್ರೈವರ್ ಸೀಟಿನ ಮೇಲೆ ಈ ಶೆಡ್ಡಿನದೇ ಹೆಸರಿನ ಬಿಲ್ಲೆ ಕಂಡು ಇಲ್ಲಿಗೆ ತಂದಿದ್ದರು.

ರಾಮಾಂಜಿನಯ್ಯ ಅದನ್ನು ಒಂದು ಸುತ್ತು ಬಂದರು. ಮಂಜುಳಮ್ಮ ಪಾತ್ರೆಯನ್ನು ಒಲೆಯಿಂದ ಇಳಿಸಿ ಓಡಿಬಂದಳು. ಯಾರ ಬಸ್ಸೆಂದು ಇಬ್ಬರಿಗೂ ಹೇಳಬೇಕಾಗಿರಲಿಲ್ಲ. ಮೇಲೆ ಹೊಡೆದಿದ್ದ ಬೇರೆಯವರ ತಗಡನ್ನು ಕಿತ್ತು, ಅದರಡಿ ಉಳಿದಿದ್ದ ಸಾಬರ ತಗಡಿಗೆ ರಾಮಾಂಜಿನಯ್ಯ ಉಳಿ ಇಟ್ಟರು.

ತಗಡು ಬಿಚ್ಚಿತು. ಕಬ್ಬಿಣದ ಮೇಲೆ ಕೆಂಪು ಬಣ್ಣವಿತ್ತು. ಬಣ್ಣದ ಮೇಲೆ ಉದ್ದಕ್ಕೂ ಟ್ಯೂಬಿನ ಪಟ್ಟಿಯಿತ್ತು. ಎಳೆದರೆ ಬಣ್ಣವನ್ನೂ ಕಿತ್ತುಕೊಂಡು ಬರುವಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಅವೆರಡರ ಕೆಳಗೆ, ಗೋಡೆಯ ತಳದ ಕಾಲುವೆಯಲ್ಲಿ, ಹಕ್ಕಳೆಗಟ್ಟಿದ ಉಪ್ಪು. ಅದರ ತುಂಬ ಪುಟ್ಟಪುಟ್ಟ ಹೊಳೆಯುವ ಬಿಲ್ಲೆಗಳು. ತಗಡಿನ ಚೂರೆಂದುಕೊಂಡು ಮಂಜುಳಮ್ಮ ಒಂದನ್ನು ಉಗುರಿನಿಂದ ಎಬ್ಬಿಸಿದಳು.

"ಅಯ್ಯೋ ಶಿವನೇ, ಮೀನಿನ್ ಹುರುಪೆ!"

"ಹೌದಮ್ಮ, ಇದರ ಕಂಡಕ್ಟರ್ ಗುಂಡಯ್ಯ ಹೇಳ್ತಿದ್ದ" ಎಂದರು ಅನಂತರಾಜು. "ಮಾರ್ಕೋನಹಳ್ಳಿ ಕೆರೆ ಮೀನು. ಬೆಳಗಿನ ಜಾವ ಐಸಿಗೆ ಉಪ್ಪು ಹಾಕಿ ಟಾಪ್ ಮೇಲೆ ಏರ್ಸೋರಂತೆ, ತುಮಕೂರಿಗೆ. ದೇವರ ಬಸ್ಸು ಅಲ್ವಾ, ಭಕ್ತರಿಗೆ ವಾಸ್ನೆ ಬರಬಾರ್ದು ಅಂತ ಕಟ್ಟುಗಟ್ಟಲೆ ಊದುಬತ್ತಿ."

ಬಣ್ಣವೂ ಪಟ್ಟಿಯೂ ಮಳೆನೀರಿಗೆ ಸಾಕಾಗುತ್ತಿದ್ದವು. ಆದರೆ ಐಸು ಕರಗಿ ದಿನವೂ ಟಾಪಿನಿಂದ ಗೋಡೆಯೊಳಗೆ ಇಳಿದ ಉಪ್ಪುನೀರು ರಿವೆಟ್ಟಿನ ತೂತುಗಳಲ್ಲಿ ತನ್ನ ದಾರಿ ಹುಡುಕಿಕೊಂಡಿತ್ತು. ಪುಟ್ಟರಂಗಯ್ಯ ಅಂದು ಬಿಚ್ಚಲು ಬಿಡದೆ ಹೋದದ್ದು ಯಾಕೆಂದೂ ತಿಳಿಯಿತು.

ರಾಮಾಂಜಿನಯ್ಯ ಪಟ್ಟಿಯ ತುಂಡನ್ನು ಅಂಗೈಯಲ್ಲಿ ಹಿಡಿದು ನಿಂತರು. ಕಣ್ಣು ಅಭ್ಯಾಸದಂತೆ ಮರಳುಚೀಲವಿದ್ದ ಮೂಲೆಗೆ ಹೋಯಿತು.

"ಮಂಜಮ್ಮ, ತಗಡಿನೋರಿಗೆ ಹೇಳು..."

"ಏನಂತ ಹೇಳ್ಲಣ್ಣ?"

"ಪಟ್ಟಿ ಐತೆ ಅಂತ."

ಮಂಜುಳಮ್ಮ ಆ ತುಂಡನ್ನು ಸೆರಗಿಗೆ ಕಟ್ಟಿಕೊಂಡು ಸದಾಶಿವನಗರಕ್ಕೆ ಹೋದಳು. ಮಾತು ತಲುಪಿಸಲು ಉಳಿದಿದ್ದವಳು ಅಮೀನಾ ಬೀ ಒಬ್ಬಳೇ. ಆಕೆ ಪಟ್ಟಿಯನ್ನು ತಿರುಗಿಸಿ, ಅದರ ಬೆನ್ನಿಗೆ ಹತ್ತಿದ್ದ ಕೆಂಪನ್ನು ಬೆರಳಿನಿಂದ ಉಜ್ಜಿ ನೋಡಿದಳು.

"ರಾಮಾಂಜಿ ಅಣ್ಣ ಬಣ್ಣ ಬಳ್ದಿದ್ದು ಇವರಿಗೆ ಗೊತ್ತೇ ಇತ್ತಲ್ಲಮ್ಮಾ" ಎಂದಳು.

ಮಂಜುಳಮ್ಮ ಬೆರಗಾಗಿ ನೋಡಿದಳು. ಇಷ್ಟು ವರ್ಷ ತಾನು ಹೊತ್ತ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆದಳು. ರಾಮಾಂಜಿನಯ್ಯ ಬಣ್ಣ ಬಳಿದಿಲ್ಲ ಎಂಬ ಮಾತನ್ನು ಸಾಬರು ಒಮ್ಮೆಯೂ ಕೊಟ್ಟು ಕಳಿಸಿರಲಿಲ್ಲ.

"ಗೊತ್ತಿದ್ಮೇಲೆ ಯಾಕ್ ಹೇಳ್ಲಿಲ್ಲ?"

"ರಾಮಾಂಜಿ ಕೇಳ್ಲಿ, ಹೇಳ್ತೀನಿ ಅನ್ನೋರು. ಅವ್ರು ಕೇಳ್ಲೇ ಇಲ್ಲ" ಎಂದಳು ಅಮೀನಾ ಬೀ. "ಆ ಬಸ್ಸಿನ್ ಮಾಲೀಕ ಬಣ್ಣ ಒಣಗೋಕೂ ಬಿಡ್ಲಿಲ್ಲ ಅಂತ ಇವ್ರು ಅವತ್ತು ಬೈಕೊಂಡ್ ಬಂದಿದ್ರು. ಹಸಿ ಬಣ್ಣದ್ ಮೇಲೇ ಪಟ್ಟಿ ಹಾಸಿ, ಷರ್ಟಿನ್ ತೋಳೆಲ್ಲ ಕೆಂಪು. ಎಷ್ಟು ಸೋಪು ಉಜ್ಜಿದ್ರೂ ಹೋಗ್ಲಿಲ್ಲ."