ಹತ್ತು ನಳಿಗೆ, ಒಂದು ಕೆಟಲ್ ಕುದಿನೀರು

೧೯೭೯ರಲ್ಲಿ ನಾನು ಹೆಬ್ಬಾಳದ ಬಳಿ, ಕಾಲೇಜು ಹುಡುಗಿಯರಿಗೆ ಕವಾಯತು ಮತ್ತು ಗುರಿ ಹೊಡೆಯುವುದನ್ನು ಕಲಿಸುವ ಒಂದು ಘಟಕದ ಉಗ್ರಾಣದಲ್ಲಿ ಸಹಾಯಕಿಯಾಗಿದ್ದೆ. ಅದು ನಿಮ್ಮ ತಾತ ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ನನಗೆ ಕೊಟ್ಟರು. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಸೇರಿ ಎಂಟು ತಿಂಗಳಾದರೂ ನನ್ನ ಧ್ವನಿ ಹೇಗಿದೆಯೆಂದು ಅಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ಉಗ್ರಾಣದ ಹೊಣೆ ಹವಾಲ್ದಾರ್ ಬಸಪ್ಪನವರದು. ಗೋಕಾಕ ಕಡೆಯವರು, ಸೇನೆಯಲ್ಲಿ ಲಾರಿ ಓಡಿಸಿದವರು. ಎಂಜಿನ್ ಬಗ್ಗೆ ಅವರಿಗೆ ಗೊತ್ತಿಲ್ಲದ್ದಿಲ್ಲ, ಬಂದೂಕು ಅಷ್ಟಕ್ಕಷ್ಟೆ.

ಜುಲೈನ ಒಂದು ಮಂಗಳವಾರ ಹತ್ತು ತ್ರೀನಾಟ್‌ತ್ರೀ ರೈಫಲ್‌ಗಳನ್ನು ಪೆಟ್ಟಿಗೆಯಿಂದ ತೆಗೆದೆವು. ಹಿಂದಿನ ಶಿಬಿರದಲ್ಲಿ ಗುಂಡು ಹಾರಿಸಿದ ಮೇಲೆ, ಲಾರಿ ಹೊರಡುವ ಗಡಿಬಿಡಿಯಲ್ಲಿ ಯಾರೋ ಎಣ್ಣೆ ಸವರಿ ಹಾಗೇ ಇಟ್ಟುಬಿಟ್ಟಿದ್ದರು. ನಳಿಗೆಯೊಳಗೆ ಮದ್ದಿನ ಮಸಿ ಹಕ್ಕಳೆಗಟ್ಟಿತ್ತು. ಮುಂದಿನ ಸೋಮವಾರ ಆರ್ಮರರ್, ಅಂದರೆ ಆಯುಧ ಪರೀಕ್ಷಿಸುವವರು, ಬರುವವರಿದ್ದರು. ಅವರು ಪಾಸು ಮಾಡದಿದ್ದರೆ ರೈಫಲ್‌ಗಳು ಡಿಪೋಗೆ ವಾಪಸು. ನಮ್ಮ ಹುಡುಗಿಯರ ತಂಡ ಆ ವರ್ಷದ ಸ್ಪರ್ಧೆಯಿಂದ ಹೊರಗೆ.

ತಂಡದ ನಾಯಕಿ ವಿಮಲಾ ದಿನಾ ಸಂಜೆ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. "ಈ ಸಲನೂ ನಮ್ಗೆ ಚಾನ್ಸ್ ಇಲ್ವಾಮ್ಮಾ? ಮುಂದಿನ್ ವರ್ಷ ನಾನ್ ಕಾಲೇಜಲ್ಲೇ ಇರಲ್ಲ."

ಪುಲ್‌ಥ್ರೂ ಎಂದರೆ ತುದಿಗೆ ತೂಕವಿರುವ ಹುರಿ. ಅದಕ್ಕೆ ಬಟ್ಟೆಯ ಚಿಂದಿ ಸಿಕ್ಕಿಸಿ, ನಳಿಗೆಯೊಳಗೆ ಇಳಿಬಿಟ್ಟು ಆಚೆಯಿಂದ ಎಳೆಯಬೇಕು. ಎರಡು ದಿನ ಎಣ್ಣೆ ಹಾಕಿ ಎಳೆದೆವು. ಬುಧವಾರ ಸಂಜೆ ಚಿಂದಿ ಬೆಳ್ಳಗೆ ಬಂತು. ಬಸಪ್ಪ ಮೀಸೆ ತಿರುವಿದರು. ಗುರುವಾರ ಬೆಳಿಗ್ಗೆ ಎಳೆದರೆ ಚಿಂದಿ ಕಂದು. ಒಳಗೆ ಬೆವರಿ, ಮತ್ತೆ ತುಕ್ಕು.

ಆ ಬೆವರು ನನಗೆ ಗೊತ್ತಿತ್ತು. ಉಪ್ಪು ಹತ್ತಿದ ಈಳಿಗೆಗೆ ಬರೀ ಎಣ್ಣೆ ಸವರಿಟ್ಟರೆ ಮಾರನೇ ದಿನ ಹೀಗೇ ಆಗುತ್ತಿತ್ತು. ನಮ್ಮವ್ವ ಮೊದಲು ಕುದಿನೀರು ಸುರಿಯುತ್ತಿದ್ದಳು. ಬಿಸಿಗೆ ಕಬ್ಬಿಣ ತಾನೇ ಒಣಗುತ್ತದೆ, ಎಣ್ಣೆ ಆಮೇಲೆ. ಇದೆಲ್ಲ ಬಾಯಿ ತುದಿಗೆ ಬಂದಿತ್ತು. ಆದರೆ ಗುರುವಾರ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಸೇನೆಯಲ್ಲಿದ್ದವರಿಗೆ ನಾನು ಈಳಿಗೆಯ ಕಥೆ ಹೇಳುವುದೆ?

ಶನಿವಾರ ಬಸಪ್ಪ ಡಿಪೋಗೆ ಕಳಿಸುವ ಕಾಗದ ತೆಗೆದಿಟ್ಟರು. ಆಗ ಬಾಯಿ ಬಿಟ್ಟೆ. "ಒಳಗೆ ಉಪ್ಪಿನಂಥದ್ದೇನೋ ಇದೆ ಅನ್ಸುತ್ತೆ. ಕುದಿನೀರು ಹಾಕೋಣ್ವಾ?"

"ಕಬ್ಬಿಣಕ್ಕ ನೀರಾ? ಇದೇನ್ ಬಂದೂಕೋ ಬಾಣಂತಿಯೋ ಅಕ್ಕಾರ, ಎರಿಯಾಕ?"

"ಬಾಣಂತೀನೂ ಎಣ್ಣೆ ಹಚ್ಚಿ ಹಾಗೇ ಬಿಡಲ್ಲವಲ್ಲ."

ಅವರು ಗಹಗಹಿಸಿ ನಕ್ಕರು. "ಅಕ್ಕಾರಿಗೆ ಮಾತೂ ಬರ್ತಾವ! ಆತು, ಒಂದಕ್ಕ ಹಾಕ್ರಿ. ಕೆಟ್ರ ನನ್ ತಲಿಮ್ಯಾಲೆ ಇರ್ಲಿ."

ಗುಂಡು ತುಂಬುವ ಕಡೆಯ ಬೋಲ್ಟ್ ಕಳಚಿ, ರೈಫಲ್ಲನ್ನು ಮೂತಿ ಕೆಳಗೆ ಮಾಡಿ ಬಕೆಟ್ಟಿನಲ್ಲಿ ನಿಲ್ಲಿಸಿದೆವು. ಹಿಂಬದಿಗೆ ಆಲಿಕೆ ಇಟ್ಟು, ಚಹಾದ ಕೆಟಲ್ಲಿನಿಂದ ಕುದಿನೀರು ಸುರಿದೆ. ಕಾಡಿಗೆ ಕದಡಿದಂಥ ನೀರು ಇಳಿಯಿತು. ಹಿತ್ತಾಳೆ ಬ್ರಷ್ ಎಳೆದು ಮತ್ತೆ ಸುರಿದೆ. ಆರನೇ ಸಲಕ್ಕೆ ನೀರು ತಿಳಿಯಾಯಿತು. ನಳಿಗೆ ಮುಟ್ಟಲಾಗದಷ್ಟು ಕಾದಿತ್ತು. ಗೋಣಿಚೀಲದಲ್ಲಿ ಹಿಡಿದು ಒರೆಸಿ, ತೆಳ್ಳಗೆ ಎಣ್ಣೆ ಬಿಟ್ಟೆವು. ಭಾನುವಾರ ಬೆಳಿಗ್ಗೆ ಬಸಪ್ಪ ಎಳೆದ ಚಿಂದಿ ಬೆಳ್ಳಗೇ ಬಂತು. ಅವರು ಹೋಗಿ ಸ್ಟೋವ್ ಹಚ್ಚಿದರು. ಉಳಿದ ಒಂಬತ್ತನ್ನೂ ಅಂದೇ ತೊಳೆದೆವು. ಚಿಂದಿ ಸಾಲದಾದಾಗ, ನಾನು ಮನೆಯಿಂದ ತಂದಿದ್ದ ನಿಮ್ಮ ತಾತನ ಹಳೆಯ ಪಂಚೆ ಹರಿದೆ.

ಸೋಮವಾರ ಆರ್ಮರರ್ ಒಂದೊಂದೇ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಿಸಿನೀರು ಹಾಕಿದೀರಿ ಅಲ್ವಾ? ಹಳಬರ ಪದ್ಧತಿ ಇದು. ಯಾರ್ರೀ ಹೇಳಿದ್ದು?"

ಬಸಪ್ಪ ಉತ್ತರ ಕೊಡಬಹುದಿತ್ತು. ಅವರು ನನ್ನ ಕಡೆ ನೋಡಿದರು.

"ನಾನು" ಎಂದೆ.

"ಕೇಳಿಸ್ಲಿಲ್ಲಮ್ಮ."

"ನಾನೇ ಹೇಳಿದ್ದು ಸಾರ್."

ಒಂಬತ್ತು ಪಾಸಾದವು. ಹತ್ತನೆಯದರ ಒಳಗೆ ತುಕ್ಕು ಗುಳಿ ಕೊರೆದಿತ್ತು. ಅದು ಡಿಪೋಗೆ ಹೋಯಿತು. ಒಂಬತ್ತು ಸಾಕಾಯಿತು, ವಿಮಲಾಳ ತಂಡ ಸ್ಪರ್ಧೆಗೆ ಹೊರಟಿತು. ಲಾರಿ ಹತ್ತುವ ಮೊದಲು ಅವಳು ಕಿಟಕಿಗೆ ಬಂದು ತನ್ನ ರೈಫಲ್ಲನ್ನು ಎತ್ತಿ ತೋರಿಸಿ ನಕ್ಕಳು.

ಹತ್ತನೆಯದು ಹಾಳಾದದ್ದು ಹಿಂದೆಯೇ ಎಂದು ಬಸಪ್ಪ ಸಮಾಧಾನ ಹೇಳಿದರು. ಇರಬಹುದು. ಆದರೂ ನಾನು ಸುಮ್ಮನಿದ್ದ ಆ ಎರಡು ದಿನ ಅದು ಒಳಗೊಳಗೆ ಬೆವರುತ್ತಲೇ ಇತ್ತು. ನಿಮಗೆ ಗೊತ್ತಿರುವುದನ್ನು ಸಣ್ಣ ದನಿಯಲ್ಲಾದರೂ ಸರಿ, ಗುರುವಾರವೇ ಹೇಳಿಬಿಡಿ ಮಕ್ಕಳೇ. ಶನಿವಾರದವರೆಗೆ ಕಾಯಬೇಡಿ.